ಎಫ್ ಕೀ ಒತ್ತಿದರೆ ಒತ್ತಕ್ಷರ ಬರುತ್ತಿಲ್ಲ: ಲ್ಯಾಪ್‌ಟಾಪ್ ಕಂಪನಿಗೆ ದೂರು

ಇಂದ,
ಡಿ.ಟಿ.ಪಿ. ಅಂಗಡಿ ನಡೆಸುವ ನಿಮ್ಮ ಗ್ರಾಹಕಿ,
ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ವಾರಂಟಿ ಇದ್ದರೂ ಲ್ಯಾಪ್‌ಟಾಪಿನ ಎಫ್ ಕೀ ಸರಿ ಮಾಡಿಕೊಡದಿರುವ ಬಗ್ಗೆ

ಮಾನ್ಯರೇ,

ಎಂಟು ತಿಂಗಳ ಹಿಂದೆ ನಿಮ್ಮ ಕಂಪನಿಯ ಲ್ಯಾಪ್‌ಟಾಪ್ ತೆಗೆದುಕೊಂಡೆ. ವಾರಂಟಿ ಒಂದು ವರ್ಷ. ಎರಡು ತಿಂಗಳಿಂದ ಅದರ ಎಫ್ ಕೀ ಕೈಕೊಡುತ್ತಿದೆ. ಗಟ್ಟಿಯಾಗಿ ಒತ್ತಿದರೆ ಅಕ್ಷರ ಬೀಳುತ್ತದೆ. ಉಳಿದ ಕೀಗಳ ಹಾಗೆ ಹಗುರವಾಗಿ ಒತ್ತಿದರೆ ಒಮ್ಮೆ ಬೀಳುತ್ತದೆ, ಒಮ್ಮೆ ಇಲ್ಲ.

ಶಿವಮೊಗ್ಗದ ನಿಮ್ಮ ಸರ್ವಿಸ್ ಸೆಂಟರಿಗೆ ಎರಡು ಸಲ ಹೋಗಿ ಬಂದೆ. ಇಲ್ಲಿಂದ ಸುಮಾರು 70 ಕಿಲೋಮೀಟರ್. ಹೋದ ದಿನ ನನ್ನ ಅಂಗಡಿಗೆ ಬೀಗ. ಮೊದಲ ಸಲ ಅಲ್ಲಿದ್ದವರು ನೋಟ್‌ಪ್ಯಾಡ್ ತೆರೆದು 'ದಿ ಕ್ವಿಕ್ ಬ್ರೌನ್ ಫಾಕ್ಸ್ ಜಂಪ್ಸ್ ಓವರ್ ದಿ ಲೇಜಿ ಡಾಗ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಇಂಗ್ಲಿಷಿನ 26 ಅಕ್ಷರಗಳೂ ಬರುವ ಸಾಲು ಅದು. ಎಲ್ಲ ಅಕ್ಷರ ಬಂತು. "ನೋಡಿ ಮೇಡಂ, ಚೆನ್ನಾಗೇ ಇದೆ" ಅಂದರು. ದೋಷ ಕಂಡುಬಂದಿಲ್ಲ ಎಂದು ಚೀಟಿಯಲ್ಲಿ ಬರೆದು ಕಳಿಸಿದರು. ಅಷ್ಟುದ್ದದ ಸಾಲಿನಲ್ಲಿ ಎಫ್ ಇರುವುದು ಒಂದೇ ಒಂದು ಸಲ, ಫಾಕ್ಸ್ ಎಂಬ ಪದದಲ್ಲಿ. ಅದೊಂದು ಏಟು ಸರಿಯಾಗಿ ಬಿತ್ತು, ಅಷ್ಟೆ.

ನಾನು ದಿನವಿಡೀ ಟೈಪ್ ಮಾಡುವುದು ಕನ್ನಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಸರ್ಕಾರಿ ಕಚೇರಿಗಳಲ್ಲಿ ಬಳಸುವ 'ನುಡಿ' ತಂತ್ರಾಂಶದಲ್ಲೂ ಇದೇ ವಿನ್ಯಾಸ ಇದೆ. ಇದರಲ್ಲಿ ಒತ್ತಕ್ಷರ ಬರೆಯಬೇಕೆಂದರೆ ಎರಡು ವ್ಯಂಜನಗಳ ನಡುವೆ ಎಫ್ ಒತ್ತಬೇಕು. ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ (ಇದರಲ್ಲಿ ಡ ಇರುವುದು ಡಬ್ಲ್ಯೂ ಕೀಯಲ್ಲಿ). ಎಫ್ ಬೀಳದಿದ್ದರೆ ಅದು 'ಕನನಡ' ಆಗುತ್ತದೆ. ಅಮ್ಮ 'ಅಮಮ', ಹಳ್ಳಿ 'ಹಳಳಿ'. ಒಂದು ಸಣ್ಣ ಸಾಲು ತೆಗೆದುಕೊಳ್ಳಿ: ನಮ್ಮ ಊರಿನ ಹಬ್ಬಕ್ಕೆ ಎಲ್ಲರೂ ತಪ್ಪದೆ ಬನ್ನಿ. ಇಷ್ಟರಲ್ಲೇ ಎಫ್ ಆರು ಸಲ ಬೇಕು. ಇಂಗ್ಲಿಷಿನಲ್ಲಿ ಯಾವಾಗಲೋ ಒಮ್ಮೆ ಬೇಕಾಗುವ ಕೀ ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬೇಕು. ಆ ಕೀ ಮೇಲೆ ಬೆರಳಿಗೆ ತಾಗುವ ಸಣ್ಣ ಗೆರೆ ಇದೆಯಲ್ಲ, ಎಡಗೈ ತೋರುಬೆರಳು ಯಾವಾಗಲೂ ಅಲ್ಲೇ ಕೂತಿರುತ್ತದೆ. ನೋಡದೆಯೇ ಒತ್ತು ಕೊಡುತ್ತಾ ಹೋಗುವ ಅಭ್ಯಾಸ ನನಗೆ.

ಮದುವೆ ಕಾಗದದಲ್ಲಿ 'ಅಮಮ' ಎಂದಾದರೆ ಕಣ್ಣಿಗೆ ಬೀಳುತ್ತದೆ, ತಿದ್ದುತ್ತೇನೆ. ನನಗೆ ಭಯ ಇರುವುದು ಹೆಸರುಗಳ ವಿಷಯದಲ್ಲಿ. ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದರೂ ಎಫ್ ಒತ್ತಬೇಕು; ರಮೇಶ್ ಎಂದು ಬರೆಯಲು ಕೊನೆಗೆ ಎಫ್ ಬೇಕು. ಅದು ಬೀಳದಿದ್ದರೆ 'ರಮೇಶ' ಆಗುತ್ತದೆ. ಅದೂ ಸರಿಯಾದ ಹೆಸರೇ ಅಲ್ವಾ? ಓದಿ ನೋಡಿದರೂ ತಪ್ಪು ಅನ್ನಿಸುವುದಿಲ್ಲ. ಕಳೆದ ತಿಂಗಳು ಒಬ್ಬರ ಅಫಿಡವಿಟ್‌ನಲ್ಲಿ ಹೀಗೇ ಆಯಿತು. ಆಧಾರ್‌ನಲ್ಲಿ ಒಂದು ಹೆಸರು, ಅಫಿಡವಿಟ್‌ನಲ್ಲಿ ಇನ್ನೊಂದು ಎಂದು ಕಚೇರಿಯಲ್ಲಿ ವಾಪಸ್ ಕಳಿಸಿದರು. ವಯಸ್ಸಾದವರು, ಹಳ್ಳಿಯಿಂದ ಬಸ್ಸಿನಲ್ಲಿ ಮತ್ತೆ ಬಂದರು. ಹೊಸ ಸ್ಟಾಂಪ್ ಪೇಪರಿನ ದುಡ್ಡು ನಾನೇ ಕೊಟ್ಟೆ. ಅವರಿಗೆ ಹಾಳಾದ ದಿನವನ್ನು ನಾನು ಹೇಗೆ ಕೊಡಲಿ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಪ್ರತಿ ಕಾಗದವನ್ನೂ ಮೂರು ಸಲ ಓದುತ್ತೇನೆ.

ಎರಡನೇ ಸಲ ಹೋದಾಗ ಅಲ್ಲೇ ಕೂತು ಕನ್ನಡ ಟೈಪ್ ಮಾಡಿ ತೋರಿಸಿದೆ. ಆಗ ಒಪ್ಪಿಕೊಂಡರು. ಕೀಯ ಕೆಳಗಿನ ಸಣ್ಣ ರಬ್ಬರ್ ಉಬ್ಬು ಸರಿಯಾಗಿ ಅದುಮಿಕೊಳ್ಳುತ್ತಿಲ್ಲ ಎಂದರು. ಆದರೆ ಒಂದು ಕೀ ಮಾತ್ರ ಬದಲಿಸಲು ಆಗುವುದಿಲ್ಲವಂತೆ. ಕೀಬೋರ್ಡ್ ಮೇಲಿನ ಪ್ಯಾನೆಲ್‌ಗೇ ಅಂಟಿಕೊಂಡಿರುವುದರಿಂದ ಪ್ಯಾನೆಲ್ ಪೂರ್ತಿ ಬದಲಿಸಬೇಕಂತೆ. ಖರ್ಚು ನನ್ನದೇ, ಏಕೆಂದರೆ ಇದು 'ಜಾಸ್ತಿ ಬಳಸಿ ಸವೆದದ್ದು'. ಮೊದಲ ಚೀಟಿಯಲ್ಲಿ ದೋಷವೇ ಇಲ್ಲ, ಎರಡನೇ ಚೀಟಿಯಲ್ಲಿ ಸವೆತ. ಎರಡೂ ಹೇಗೆ ನಿಜವಾಗುತ್ತದೆ? ಕೀ ಇರುವುದೇ ಒತ್ತುವುದಕ್ಕೆ. ನಾನು ಅದರ ಮೇಲೆ ನೀರು ಚೆಲ್ಲಿಲ್ಲ, ಬೀಳಿಸಿಲ್ಲ. ಎಂಟು ತಿಂಗಳು ಕನ್ನಡ ಬರೆದಿದ್ದೇನೆ. ಕರ್ನಾಟಕದಲ್ಲಿ ಮಾರುವ ಕೀಬೋರ್ಡ್ ಅಷ್ಟನ್ನು ತಾಳಿಕೊಳ್ಳಬೇಕು.

ಕೀಬೋರ್ಡನ್ನು ವಾರಂಟಿಯಲ್ಲೇ, ದುಡ್ಡು ಕೇಳದೆ ಬದಲಿಸಿಕೊಡಿ. ಮೊದಲ ಸಲ ಪರೀಕ್ಷೆಯ ಶುಲ್ಕ ಎಂದು ತೆಗೆದುಕೊಂಡ ಹಣ ಹಿಂತಿರುಗಿಸಿ. ಇನ್ನೊಂದು ವಿಷಯ, ನನಗೆ ಇದೇ ಮುಖ್ಯ: ನಮ್ಮ ರಾಜ್ಯದ ನಿಮ್ಮ ಸರ್ವಿಸ್ ಸೆಂಟರುಗಳಲ್ಲಿ ಕೀಬೋರ್ಡ್ ಪರೀಕ್ಷೆ ಮಾಡುವಾಗ ಕನ್ನಡದ ಒಂದು ಸಾಲನ್ನೂ ಟೈಪ್ ಮಾಡಲು ಹೇಳಿ. ಅಲ್ಲಿಯ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ.

15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು ಮತ್ತು ಎರಡೂ ಚೀಟಿಗಳ ನಕಲು ಜೊತೆಗಿವೆ.

ಕೀಬೋರ್ಡ್ ಬದಲಿಸಿದ ಮೇಲೆ ನನ್ನೆದುರೇ ಆ ಹಬ್ಬದ ಸಾಲನ್ನು ಹಗುರ ಬೆರಳಲ್ಲಿ ಟೈಪ್ ಮಾಡಿ ತೋರಿಸಿ. ಆರಕ್ಕೆ ಆರೂ ಒತ್ತು ಬಂದರೆ ಸಹಿ ಹಾಕಿ ತೆಗೆದುಕೊಂಡು ಹೋಗುತ್ತೇನೆ.

ಇತಿ,
ನಿಮ್ಮ ಗ್ರಾಹಕಿ