ಮುಚ್ಚಳದ ಆಮೆ

ಪ್ರೀತಿಯ ಮೇಘನಾ,

ದೊಡ್ಡಮ್ಮನ ಆಶೀರ್ವಾದ. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಕೊನೆಯ ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: ಮಲ್ಪೆಯ ದಡದಲ್ಲಿ ಹೆಕ್ಕಿದ ಪ್ಲಾಸ್ಟಿಕ್ಕಿನಿಂದ ಕಟ್ಟುವ ಆಮೆಯ ಕಲಾಕೃತಿಯೇ ಪುಡಿಯಾಗಿ ಮತ್ತೆ ಕಡಲಿಗೆ ಹೋದರೆ?

ಹೋಗುತ್ತದೆ ಮಾರಾಯ್ತಿ, ಕಟ್ಟುವುದು ಹೇಗೆಂದು ಯೋಚಿಸದಿದ್ದರೆ ಹೋಗಿಯೇ ಹೋಗುತ್ತದೆ. ದಡದಲ್ಲಿ ಸಿಕ್ಕಿದ್ದು ಆಗಲೇ ಬಿಸಿಲು ತಿಂದದ್ದು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಗ್ಗ ಮುಟ್ಟಿದರೆ ಎಳೆ ಉದುರಿಸುತ್ತದೆ, ಹಳೆಯ ಬಾಟಲಿ ಮುಚ್ಚಳ ಬೆರಳಿಗೆ ಸುಣ್ಣದಂತೆ ಅಂಟುತ್ತದೆ. ಅಂಥದ್ದು ಆಮೆಗೆ ಬೇಡ. ಥರ್ಮೋಕೋಲನ್ನಂತೂ ಕತ್ತರಿಸಲೇಬೇಡ, ಒಂದೊಂದು ಮಣಿಯೂ ಗಾಳಿಯ ಪಾಲು.

ನಾವು ಇಂಥವನ್ನು ಕಟ್ಟುವಾಗ ಅಂಟು ಹಿಡಿಯುತ್ತದೆಯೇ, ಬಣ್ಣ ನಿಲ್ಲುತ್ತದೆಯೇ ಎನ್ನುವುದರಲ್ಲೇ ನಮ್ಮ ಕಾಲ ಕಳೆಯಿತು. ನಿನ್ನ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲ, ಅದು ಈಗಲೂ ಚುಚ್ಚುತ್ತದೆ. ಮುಚ್ಚಳದ ಪ್ಲಾಸ್ಟಿಕ್ಕಿಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಚಕ್ಕೆಯೇಳುತ್ತದೆ. ಚಕ್ಕೆಯೆಂದರೆ ಮತ್ತೆ ಪ್ಲಾಸ್ಟಿಕ್ಕೇ. ಅಮೆರಿಕದ ಆರೆಗಾನ್ ರಾಜ್ಯದ ಬ್ಯಾಂಡನ್ ಎಂಬ ಕಡಲೂರಿನಲ್ಲಿ ಆಂಜೆಲಾ ಹೇಸೆಲ್ಟೈನ್ ಪೋಟ್ಸಿ 2010ರಲ್ಲಿ ಶುರುಮಾಡಿದ 'ವಾಶ್ಡ್ ಅಶೋರ್' ಬಳಗದವರು ದಡದ ಕಸವನ್ನು ತೊಳೆದು, ಬಣ್ಣವಾರು ವಿಂಗಡಿಸಿ ಕಡಲಜೀವಿಗಳನ್ನು ಕಟ್ಟುತ್ತಾರೆ. ನೀನೂ ಇರುವ ಬಣ್ಣವನ್ನೇ ನಂಬು.

ನನಗೆ ತೋಚಿದ್ದು ಹೇಳುತ್ತೇನೆ, ಬೇಕಾದ್ದು ತಗೋ. ಹತ್ತು ಮಿಲಿಮೀಟರ್ ಸರಳಿನ ಚೌಕಟ್ಟು, ಮೇಲೆ ಕೋಳಿಗೂಡಿನ ಜಾಲರಿ. ಮುಚ್ಚಳಕ್ಕೆ ಡ್ರಿಲ್ ಬೇಡ, ಅದರ ಸುರುಳಿ ಪುಡಿಯೂ ನಿನ್ನ ಭಯದ ಲೆಕ್ಕಕ್ಕೇ ಸೇರುತ್ತದೆ. ಮರದ ದಿಮ್ಮಿಯ ಮೇಲಿಟ್ಟು ಮೊಳೆ ಹೊಡೆದು ಎರಡು ತೂತು ಮಾಡು. ಸೀಳಿದರೆ ಮುಚ್ಚಳ ಮುಪ್ಪಾಗಿದೆ ಎಂದರ್ಥ, ಪಕ್ಕಕ್ಕಿಡು. ತೂತಿನಲ್ಲಿ ತುಕ್ಕು ಹಿಡಿಯದ ತಂತಿ ಪೋಣಿಸಿ ಜಾಲರಿಗೆ ಬಿಗಿ. ಮೂರು ಸೆಂಟಿಮೀಟರ್ ಮುಚ್ಚಳವಾದರೆ ಒಂದು ಚದರ ಮೀಟರಿಗೆ ಸಾವಿರದ ಮೇಲೆ ಬೇಕು. ಚಿಪ್ಪಿನ ಅಳತೆ ಹಿಡಿಯುವ ಮೊದಲೇ ಎಣಿಸಿಕೋ.

ತೊಳೆದ ನೀರನ್ನು ಹಳೆಯ ಪಂಚೆಯಲ್ಲಿ ಸೋಸು, ಸಣ್ಣ ಚೂರುಗಳು ಅಲ್ಲೇ ಸಿಗುತ್ತವೆ. ಉಪ್ಪು ಹೋಗುವವರೆಗೆ ತೊಳೆಯದಿದ್ದರೆ ಚೌಕಟ್ಟು ಬೇಗ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಎಷ್ಟು ಕಿಲೋ ಎಂದು ಫಲಕದಲ್ಲಿ ಬರೆಯುವುದಾದರೆ ಒಣಗಿದ ಮೇಲೆ ತೂಗು. ಇಲ್ಲದಿದ್ದರೆ ಮರಳು, ನೀರಿನ ತೂಕವೂ ಸೇರಿ ಲೆಕ್ಕ ಸುಳ್ಳಾಗುತ್ತದೆ, ನೋಡುವವರಲ್ಲಿ ಬೋಟಿನವರೂ ಇರುತ್ತಾರೆ.

ಮತ್ತೆ ಅದೇ ಭಯಕ್ಕೆ ಬರುತ್ತೇನೆ, ಕ್ಷಮಿಸು. ಆಮೆಯನ್ನು ಮರಳಿನ ಮೇಲೆ ನಿಲ್ಲಿಸಬೇಡ. ಮಾಡಿನ ಅಡಿ, ನೆರಳಿನಲ್ಲಿ ಇಡು. ಹೊಟ್ಟೆಯ ಕೆಳಗೆ ತಗಡಿನ ತಟ್ಟೆಯಿರಲಿ, ವಾರಕ್ಕೊಮ್ಮೆ ಬಿದ್ದದ್ದನ್ನು ನೋಡು. ತಟ್ಟೆಯಲ್ಲಿ ಪುಡಿ ಕಾಣಿಸಿದ ದಿನ ಆ ಭಾಗ ಬಿಚ್ಚಲೇಬೇಕು. ದಡದಲ್ಲಿ ರಾತ್ರಿ ದೀಪ ಹಾಕುವ ಯೋಚನೆಯೂ ಬೇಡ. ಮರವಂತೆ ಕಡೆ ನಿಜವಾದ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಬೆಳಕು ಮರಿಗಳ ದಾರಿ ತಪ್ಪಿಸುತ್ತದೆ.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ದಡ ಸೇರುತ್ತವಲ್ಲ, ಅದಕ್ಕೆ ಮೊದಲೇ ಆಮೆಯೂ ಒಳಗೆ ಬರಲಿ. ಆಮೆಯನ್ನು ಬಿಚ್ಚುವ ದಿನ ತಂತಿ ಕತ್ತರಿಸಿದರೆ ಮುಚ್ಚಳ, ಕಬ್ಬಿಣ, ದಡದ ಮೀನುಬಲೆಯನ್ನೂ ಬಳಸಿದ್ದರೆ ಅದು, ಬೇರೆಬೇರೆಯಾಗಿ ಒಣಕಸದವರಿಗೆ ಕೊಡಬಹುದು. ನೈಲಾನ್ ಬಲೆಯನ್ನು ಮುಚ್ಚಳದ ಚೀಲಕ್ಕೆ ಸೇರಿಸಬೇಡ, ಅದು ಬೇರೆ ಜಾತಿಯ ಪ್ಲಾಸ್ಟಿಕ್ಕು.

ಪಂಚೆ ಬೇಕಾದರೆ ಹೇಳು, ದೊಡ್ಡಪ್ಪನ ಹಳೆಯವು ಎರಡಿವೆ.

ನಿನ್ನ ದೊಡ್ಡಮ್ಮ