ಆರನೆಯ ಸಂಖ್ಯೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ದೊಡ್ಡಮ್ಮ ಬೇರೆಯಾಗಿ ಬರೆಯುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ಒಂದೇ ವಾಕ್ಯ: ‘ಐದು ಸಲ ಸರಿಬಂದದ್ದು ಆರನೆಯ ಸಲ ತಪ್ಪಿದರೆ, ಸೆಮಿನಾರಿನಲ್ಲಿ ಅಷ್ಟು ಧೈರ್ಯವಾಗಿ ಹೇಳಿದ ನಾನು ಹೇಗೆ ಮುಖವೆತ್ತಲಿ?’ ಅದನ್ನು ಓದಿದೊಡನೆ 4294967297 ಕಣ್ಣ ಮುಂದೆ ಬಂತು.

ಎರಡರ 32ನೆಯ ಘಾತಕ್ಕೆ ಒಂದನ್ನು ಕೂಡಿದರೆ ಬರುವ ಸಂಖ್ಯೆ ಅದು. ಘಾತವನ್ನು 1, 2, 4, 8, 16, 32 ಎಂದು ಇಮ್ಮಡಿಸುತ್ತ ಹೋದರೆ ಸಿಗುವ ಸಾಲಿನಲ್ಲಿ ಅದಕ್ಕಿಂತ ಹಿಂದಿನ 3, 5, 17, 257, 65537 ಐದೂ ಅವಿಭಾಜ್ಯಗಳು. ಮುಂದಿನವೂ ಹಾಗೆಯೇ ಇರುತ್ತವೆಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ನಂಬಿ ಬರೆದ; ಅದನ್ನು ಸಾಧಿಸಿ ತೋರಿಸಲು ತನಗೆ ಆಗಿಲ್ಲವೆಂದೂ ಒಪ್ಪಿಕೊಂಡ. 1732ರಲ್ಲಿ ಗಣಿತಜ್ಞ ಆಯ್ಲರ್ ಆರನೆಯದನ್ನು ಒಡೆದ: 641 × 6700417. ನನ್ನನ್ನು ಈಗಲೂ ಕಾಡುವುದು ಆ 641 ಎಷ್ಟು ಹತ್ತಿರದಲ್ಲಿತ್ತೆಂಬುದು. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವು 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಹಾಗೆ ಹುಡುಕಿದರೆ 193, 257, 449, 577 ಮುಗಿದ ಮೇಲೆ ಐದನೆಯ ಪ್ರಯತ್ನಕ್ಕೇ ಅದು ಸಿಗುತ್ತದೆ. 1640ರಲ್ಲೇ, ಎರಡರ 37ನೆಯ ಘಾತದಿಂದ ಒಂದು ಕಳೆದ ಸಂಖ್ಯೆಯನ್ನು ಇಂಥದೇ ಉಪಾಯದಿಂದ 223 ಭಾಗಿಸುತ್ತದೆಂದು ಕಂಡುಕೊಂಡವನು ಫರ್ಮಾನೇ. ಇಲ್ಲಿ ಅವನಿಗೆ ಅದು ಏಕೆ ತಪ್ಪಿತೋ!

ಮಗಳೇ, ನೀನು ಅಂಜುವ ಆ ಆರನೆಯ ಸಲ ನನ್ನ ಬದುಕಿನಲ್ಲಿಯೂ ಬಂದಿತ್ತು. ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ ಆ ಐದನ್ನೂ ಬೋರ್ಡಿನ ಮೇಲೆ ಬರೆದು, ಮುಂದಿನದೂ ಅವಿಭಾಜ್ಯವೇ ಎಂದುಬಿಟ್ಟೆ. ‘ಭಾಗಿಸಿ ನೋಡಿದ್ದೀರಾ ಸಾರ್?’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಗದರಿಸಿ ಕೂರಿಸಿದೆ. ಕೆಲವು ತಿಂಗಳ ನಂತರ ಒಂದು ಪುಸ್ತಕದಲ್ಲಿ 641 ಕಂಡಿತು. ರಾತ್ರಿ ಕುಳಿತು ಭಾಗಿಸಿದೆ, ಶೇಷ ಸೊನ್ನೆ. ಮರುದಿನ ತರಗತಿಗೆ ಹೋದವನು ಬೇರೆ ಪಾಠ ತೆಗೆದೆ. ಆ ಹುಡುಗ ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟ. ತಪ್ಪು ಹೇಳಿದ್ದಕ್ಕಿಂತ, ಗೊತ್ತಾದ ಮೇಲೆ ಸುಮ್ಮನಿದ್ದದ್ದು ನನ್ನನ್ನು ಇಷ್ಟು ವರ್ಷ ಹಿಂಡಿದೆ.

ನಿನ್ನ ವಿಷಯದ ಆಳ ನನಗೆ ತಿಳಿಯದು, ಆದ್ದರಿಂದ ಸಂಕೋಚದಿಂದಲೇ ಹೇಳುತ್ತೇನೆ: ಆರನೆಯದನ್ನು ನೀನೇ ಮೊದಲು ಲೆಕ್ಕ ಹಾಕು, ಸಣ್ಣ ಅಪವರ್ತನಗಳಿಂದ ಆರಂಭಿಸು. ತಪ್ಪಿದರೆ ಅದೇ ವಾರ ಗೈಡಿಗೆ ತಿಳಿಸು. ಇದು ಹೇಳುವಷ್ಟು ಸುಲಭವಲ್ಲವೆಂಬುದೂ ನನಗೆ ಗೊತ್ತು. 65537ರ ಆಚೆಗೆ ಆ ಸಾಲಿನಲ್ಲಿ ಇಂದಿಗೂ ಇನ್ನೊಂದು ಅವಿಭಾಜ್ಯ ಸಿಕ್ಕಿಲ್ಲ, ಆದರೂ ಜನ ಹುಡುಕುತ್ತಲೇ ಇದ್ದಾರೆ. ಫರ್ಮಾನ ಹೆಸರೂ ಆ ಸಂಖ್ಯೆಗಳಿಗೆ ಹಾಗೆಯೇ ಉಳಿದಿದೆ.

ಅಂದು ರಾತ್ರಿ ಭಾಗಾಕಾರ ಮಾಡಿದ ಹಾಳೆ ನನ್ನ ಬಳಿ ಇನ್ನೂ ಇದೆ. ಈ ಪತ್ರದೊಡನೆ ಇಟ್ಟಿದ್ದೇನೆ. ನಿನ್ನ ಆರನೆಯ ಲೆಕ್ಕ ಮುಗಿದ ದಿನ, ಉತ್ತರ ಯಾವುದೇ ಬರಲಿ, ನನಗೊಂದು ಸಾಲು ಬರೆ.

ಇತಿ ನಿನ್ನ,
ದೊಡ್ಡಪ್ಪ