ವಾಣಿಯನ್ನು ಕಳಿಸಬೇಡ ಅಮ್ಮಾ

ಶಾಂಘೈ
ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪನ ಮಂಡಿನೋವು ಕಡಿಮೆಯಾಯಿತಾ?

ನಿನ್ನ ಕಾಗದ ಓದಿ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಆಷಾಢಕ್ಕೆ ಬಂದ ವಾಣಿ ಶ್ರಾವಣ ಬಂದರೂ ಹೊರಡುತ್ತಿಲ್ಲ, ದೊಡ್ಡಪ್ಪ ತಾವೇ ಹೋಗಿ ಬಿಟ್ಟುಬರುತ್ತಾರಂತೆ ಅಂತ ಎರಡು ಪುಟ ಬರೆದಿದ್ದೀಯ. ಅವಳ ತೋಳಿನ ಮೇಲಿನ ಬಾಸುಂಡೆ ಬಗ್ಗೆ ಒಂದೇ ಸಾಲು. ಅಮ್ಮಾ, ಕಳಿಸಬೇಡ.

ನಮ್ಮ ಮನೆ ಓನರ್ ಅಜ್ಜಿಯ ಹತ್ತಿರ ಹೇಳಿಕೊಂಡೆ. ಅವರು ತಮ್ಮ ತಾಯಿಯ ಕಥೆ ಹೇಳಿದರು. ಏಳು ವರ್ಷಕ್ಕೇ ಗಂಡನ ಮನೆಗೆ ಕೊಟ್ಟಿದ್ದರಂತೆ. ಅಲ್ಲೇ ದುಡಿದು ಬೆಳೆದು, ಆ ಮನೆಯ ಹುಡುಗನನ್ನೇ ಕಟ್ಟಿಕೊಳ್ಳಬೇಕು. ಅಂಥ ಹುಡುಗಿಗೆ ಇಲ್ಲಿ ತೊಂಗ್‌ಯಾಂಗ್‌ಶಿ ಅನ್ನುತ್ತಿದ್ದರು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು. ಮರುವರ್ಷ ಮೇ 1ಕ್ಕೆ ಹೊಸ ಮದುವೆ ಕಾನೂನು ಬಂತು. ಬಲವಂತದ ಮದುವೆ, ಚಿಕ್ಕಂದಿನ ನಿಶ್ಚಯ, ಉಪಪತ್ನಿ ಎಲ್ಲಾ ರದ್ದು. ಹುಡುಗಿಗೆ 18, ಹುಡುಗನಿಗೆ 20 ತುಂಬಿರಬೇಕು. ಹೆಂಗಸೂ ಡೈವೋರ್ಸ್ ಕೇಳಬಹುದು. ಎಷ್ಟು ಜನ ಕೇಳಿದರು ಅಂದರೆ, ಜನ ಅದನ್ನು ಡೈವೋರ್ಸ್ ಕಾನೂನು ಅಂತಲೇ ಕರೆದರು!

ಆದರೆ ಊರಿನ ಪಕ್ಷದವರೇ ಎಷ್ಟೋ ಹೆಂಗಸರನ್ನು ಬೈದು ವಾಪಸ್ ಕಳಿಸಿದರು. ಏಟು ತಿಂದು ಸತ್ತವರಿದ್ದಾರೆ, ತಾವೇ ಪ್ರಾಣ ಕಳೆದುಕೊಂಡವರಿದ್ದಾರೆ. ಕೊನೆಗೆ 1953ರ ಮಾರ್ಚ್‌ನಲ್ಲಿ ಸರ್ಕಾರ ಒಂದು ತಿಂಗಳು ದೇಶದ ತುಂಬಾ ಪ್ರಚಾರ ಮಾಡಬೇಕಾಯಿತು. ಅಜ್ಜಿಯ ತಾಯಿಯನ್ನೂ ಎರಡು ಸಲ ವಾಪಸ್ ಕಳಿಸಿದರಂತೆ. ಮೂರನೇ ಸಲ ಅವರ ಅಣ್ಣ ಜೊತೆಗೆ ಹೋದ. ಆಗ ಬಿಡುಗಡೆ ಸಿಕ್ಕಿತು. ಇಷ್ಟು ಹೇಳಿ ಅಜ್ಜಿ ಕೇಳಿದರು: "ನಿನ್ನ ತಂಗಿಯ ಜೊತೆ ಯಾರು ಹೋಗುತ್ತಾರೆ?" ನನಗೆ ಉತ್ತರ ಬರಲಿಲ್ಲ.

ಇಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಈಗ ಇಬ್ಬರೂ ಒಪ್ಪಿ ಡೈವೋರ್ಸ್ ಕೇಳಿದರೂ 30 ದಿನ ಕಾಯಬೇಕು, 2021ರಿಂದ ಆ ನಿಯಮ. ಇಲ್ಲಿನ ಪೀಪಲ್ಸ್ ಪಾರ್ಕಿನಲ್ಲಿ ಅಪ್ಪ-ಅಮ್ಮಂದಿರು ಗಂಡು-ಹೆಣ್ಣು ಹುಡುಕಲು ಮಕ್ಕಳ ವಯಸ್ಸು, ಎತ್ತರ, ಸಂಬಳ ಬರೆದು ಛತ್ರಿಗೆ ಅಂಟಿಸಿಕೊಂಡು ಕೂತಿರುತ್ತಾರೆ. ನೀನು ನೋಡಿದರೆ ನಕ್ಕುಬಿಡುತ್ತೀಯ. ಆದರೆ ಮದುವೆಯಾದರೂ ಹೆಂಗಸರು ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ನನಗೆ ಅದು ತುಂಬಾ ಇಷ್ಟ.

ನಮ್ಮಲ್ಲೂ 1955ರಿಂದ ಡೈವೋರ್ಸ್‌ಗೆ ಕಾನೂನು ಇದೆಯಲ್ಲಮ್ಮಾ. ಅಪ್ಪ ಅವಳ ಜೊತೆ ವಕೀಲರ ಹತ್ತಿರ ಹೋಗಲಿ. ಫೀಸು ನಾನು ಕಳಿಸುತ್ತೇನೆ. ನನಗೇನೂ ಕಷ್ಟವಾಗುವುದಿಲ್ಲ, ನಿಜವಾಗಿಯೂ. ಸಂಬಳ ಸಾಕಷ್ಟು ಇದೆ, ದಿನಾ ಅನ್ನ ಸಾರು ಮಾಡಿಕೊಳ್ಳುತ್ತೇನೆ, ಆರೋಗ್ಯ ಚೆನ್ನಾಗಿದೆ. ನನ್ನ ಬಗ್ಗೆ ಸುಮ್ನೆ ಯೋಚನೆ ಮಾಡಬೇಡ.

ಮೆಟ್ರೋಗೆ ಹೊತ್ತಾಯಿತು. ದೊಡ್ಡಪ್ಪನಿಗೆ ನಾನೇ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ವಾಣಿ ಮನೆಯಲ್ಲೇ ಇರಲಿ.

ನಿನ್ನ
ಸುಮಾ